ಕನ್ನಡ ನಾಡಿನ ಆದಿಕೃಷಿ: ಕರಕಾದ ಕಾಳುಗಳ ಸಾಕ್ಷ್ಯ

೧

ಕನ್ನಡ ನಾಡಿನ ಚರಿತ್ರೆಯನ್ನು ಶಾಸನಗಳಿಂದ ಆರಂಭಿಸುವುದು ವಿದ್ವಾಂಸರ ವಾಡಿಕೆ. ೧೯೧೫ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನದಿಂದ ತೊಡಗಿ, ಕ್ರಿ. ಶ. ಐದನೆಯ ಶತಮಾನದ ಹಲ್ಮಿಡಿ ಶಾಸನವನ್ನು ಹಾದು, ಕದಂಬ, ಚಾಲುಕ್ಯ, ರಾಷ್ಟ್ರಕೂಟರ ದಾನಪತ್ರಗಳವರೆಗೆ ಆ ದಾರಿ ಸಾಗುತ್ತದೆ. ಶಾಸನಗಳಲ್ಲಿ ಬೇಸಾಯದ ಮಾತು ಇಲ್ಲದಿಲ್ಲ. ಗದ್ದೆ, ತೋಟ, ಬೆದ್ದಲು, ಮತ್ತರು, ಖಂಡುಗ ಮುಂತಾದ ಪದಗಳು ಅವುಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಆದರೆ ಶಾಸನವು ಭೂಮಿಯನ್ನು ಕೊಟ್ಟವನ ಮತ್ತು ಪಡೆದವನ ದಾಖಲೆ. ಆ ಭೂಮಿಯನ್ನು ಮೊದಲು ಹಸನುಮಾಡಿ ಬಿತ್ತಿದವನ ದಾಖಲೆಯಲ್ಲ. ಅವನು ಅಕ್ಷರ ಹುಟ್ಟುವುದಕ್ಕೆ ಎರಡು ಸಾವಿರ ವರ್ಷಗಳಷ್ಟು ಮುಂಚಿನವನು. ಅವನ ಕೈಬರಹವೆಂದು ಹೇಳಬಹುದಾದುದು ಅವನ ಒಲೆಯಲ್ಲಿ ಬಿದ್ದು ಕರಕಾಗಿ ಉಳಿದ ಕಾಳು ಮಾತ್ರ.

ಮುಂಬಯಿಯ ಸುತ್ತಣ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲಸಿದ ಕನ್ನಡಿಗರಿಗೆ ಈ ಪ್ರಶ್ನೆ ಕೇವಲ ಪಂಡಿತರದಲ್ಲ. ಊರು ಬಿಟ್ಟವರು ಊರಿನ ಗುರುತಾಗಿ ಕೈಬಿಡದೆ ಇಟ್ಟುಕೊಳ್ಳುವ ಸಂಗತಿಗಳಲ್ಲಿ ಆಹಾರವು ಭಾಷೆಯಷ್ಟೇ ಮುಖ್ಯವಾದುದು. ಹಳೆಯ ಮೈಸೂರಿನವರಿಗೆ ರಾಗಿಯ ಮುದ್ದೆ, ಧಾರವಾಡ–ಕಲಬುರಗಿಗಳ ಕಡೆಯವರಿಗೆ ಜೋಳದ ರೊಟ್ಟಿ, ಇವು ನಾಡಿನ ಲಾಂಛನಗಳೇ ಆಗಿವೆ. ರಾಗಿಯು ನಾಲ್ಕು ಸಾವಿರ ವರ್ಷಗಳಿಂದ ಕನ್ನಡಿಗರ ಧಾನ್ಯವೆಂಬ ಮಾತನ್ನು ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ ಅನೇಕ ಸಲ ಕೇಳುತ್ತೇವೆ. ವಿಶ್ವಸಂಸ್ಥೆಯು ೨೦೨೩ನೆಯ ವರ್ಷವನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ ಮೇಲೆ ಈ ಮಾತಿಗೆ ಇನ್ನಷ್ಟು ಪ್ರಚಾರ ದೊರೆಯಿತು. ಇದು ಎಷ್ಟರ ಮಟ್ಟಿಗೆ ನಿಜ? ಕನ್ನಡ ನಾಡಿನ ಮೊದಲ ಬೇಸಾಯಗಾರರು ಬೆಳೆದುದಾದರೂ ಏನು? ಇದಕ್ಕೆ ಮಣ್ಣಿನೊಳಗಿನ ಕಾಳುಗಳು ಕೊಡುವ ಉತ್ತರ ಅಭಿಮಾನವು ನಿರೀಕ್ಷಿಸಿದ ಉತ್ತರವಲ್ಲ. ಆದರೆ ಅದಕ್ಕಿಂತ ಹೆಚ್ಚು ಅರ್ಥವುಳ್ಳ ಉತ್ತರ.

೨

ಕರ್ನಾಟಕದ ಪ್ರಾಗಿತಿಹಾಸಕ್ಕೆ ಅಸ್ತಿಭಾರ ಹಾಕಿದವನು ಭಾರತೀಯ ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್. ೧೮೭೨ರಿಂದ ಮುಂದಕ್ಕೆ ಅವನು ಬಳ್ಳಾರಿಯ ಸುತ್ತಣ ಕಣಶಿಲೆಯ ಗುಡ್ಡಗಳಲ್ಲಿ ತಿರುಗಾಡಿ, ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿಗಳನ್ನೂ ಅರೆಯುವ ಕಲ್ಲುಗಳನ್ನೂ ಸಂಗ್ರಹಿಸಿದನು. ಸಂಗನಕಲ್ಲು, ಕಪ್ಪಗಲ್ಲುಗಳ ಹೆಸರು ವಿದ್ವತ್ ಪ್ರಪಂಚಕ್ಕೆ ಪರಿಚಯವಾದುದು ಹೀಗೆ. ಬಿ. ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿ, ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು ೧೯೪೮ರಲ್ಲಿ ಪ್ರಕಟಿಸಿದರು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ, ೧೯೫೨ರಲ್ಲಿ ರೇಮಂಡ್ ಆಲ್ಚಿನ್ ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿಯೂ ಅಗೆದರು. ಮುಂದೆ ಎಂ. ಎಸ್. ನಾಗರಾಜರಾವ್ ಅವರು ೧೯೬೩–೬೪ರಲ್ಲಿ ತೆಕ್ಕಲಕೋಟೆಯನ್ನೂ, ೧೯೬೫ರಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರನ್ನೂ ಶೋಧಿಸಿದರು. ಈ ಎಲ್ಲ ನೆಲೆಗಳೂ ಸೇರಿ ದಕ್ಷಿಣ ಭಾರತದ ನವಶಿಲಾಯುಗವೆಂದು ಕರೆಯುವ ಕಾಲದವು. ಈ ಯುಗ ಸ್ಥೂಲವಾಗಿ ಕ್ರಿ. ಪೂ. ೩೦೦೦ದಿಂದ ೧೨೦೦ರವರೆಗೆ ಹಬ್ಬಿತ್ತು.

ಈ ಸಂಸ್ಕೃತಿಯ ಅತ್ಯಂತ ವಿಲಕ್ಷಣವಾದ ಅವಶೇಷವೆಂದರೆ ಬೂದಿದಿಬ್ಬಗಳು. ಕುಡತಿನಿಯ ಸಮೀಪದ ದಿಬ್ಬ, ಕಪ್ಪಗಲ್ಲಿನ ದಿಬ್ಬ, ಸುರಪುರ ಸೀಮೆಯ ಬೂದಿಹಾಳದ ದಿಬ್ಬಗಳು ಇದಕ್ಕೆ ಪ್ರಸಿದ್ಧ ನಿದರ್ಶನಗಳು. ಜನಪದದಲ್ಲಿ ಇವಕ್ಕೆ ಪುರಾಣದ ನಂಟು ಕೂಡ ಅಂಟಿಕೊಂಡಿದೆ. ಹಂಪೆಯ ಹತ್ತಿರ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ದಹಿಸಿದ ಸ್ಥಳವೆಂದು ತೋರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯರಲ್ಲಿ ಕೆಲವರು ಇವನ್ನು ಜ್ವಾಲಾಮುಖಿಯ ಕಿಟ್ಟವೆಂದೂ ಕೆಲವರು ಲೋಹ ಕರಗಿಸಿದ ಕುಲುಮೆಯ ಕಸವೆಂದೂ ಬಗೆದರು. ಇವು ದನಗಳ ಸಗಣಿ ಸುಟ್ಟ ಬೂದಿಯೇ ಎಂದು ಫೂಟ್ ಊಹಿಸಿದ್ದನು, ೧೯೬೦ರಲ್ಲಿ ಎಫ್. ಇ. ಝಾಯ್ನರ್ ನಡೆಸಿದ ಪರೀಕ್ಷೆಯಿಂದ ಆ ಊಹೆ ಸ್ಥಿರಪಟ್ಟಿತು. ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ೧೯೫೭ರಲ್ಲಿ ಆಲ್ಚಿನ್ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ, ದೊಡ್ಡಿಗೆ ಹಾಕಿದ ಕಂಬಗಳ ಕುಳಿಗಳೂ ದೊರೆತುವು. ದನಗಳನ್ನು ಕೂಡಿಹಾಕಿದ ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಕಾಲಕಾಲಕ್ಕೆ ಬೆಂಕಿ ಕೊಟ್ಟುದರಿಂದ ದಿಬ್ಬಗಳು ಬೆಳೆದುವು ಎಂಬುದರಲ್ಲಿ ಈಗ ಸಂದೇಹವಿಲ್ಲ.

ಆಲ್ಚಿನ್ ೧೯೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಜನರನ್ನು ದಕ್ಷಿಣ ಭಾರತದ ನವಶಿಲಾಯುಗದ ಗೋಪಾಲಕರು ಎಂದು ಕರೆದನು. ಆ ಹೆಸರು ಎಷ್ಟು ಚೆನ್ನಾಗಿ ನಾಟಿತೆಂದರೆ, ಅವರು ಬೇಸಾಯಗಾರರೂ ಆಗಿದ್ದರೇ ಎಂಬ ಪ್ರಶ್ನೆ ಹಿಂದೆ ಬಿದ್ದಿತು. ಮೂಳೆಗಳು ರಾಶಿರಾಶಿಯಾಗಿ ದೊರೆಯುತ್ತಿದ್ದುವು, ಕಾಳುಗಳು ದೊರೆಯುತ್ತಿರಲಿಲ್ಲ. ದೊರೆಯದಿರುವುದೇ ಇಲ್ಲದಿರುವುದಕ್ಕೆ ಪ್ರಮಾಣವೆಂದು ತಿಳಿಯುವುದು ಸುಲಭ. ಆದರೆ ಕಾಳುಗಳು ದೊರೆಯದಿದ್ದುದಕ್ಕೆ ಕಾರಣ ಬೇರೆ ಇತ್ತು.

೩

ಸಸ್ಯವಸ್ತು ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಬಳ್ಳಾರಿಯಂಥ ಬಯಲಿನಲ್ಲಿ ಮಳೆ ಬಂದಾಗ ನೆನೆದು, ಬೇಸಗೆಯಲ್ಲಿ ಒಣಗಿ ಬಿರಿಯುವ ನೆಲದೊಳಗೆ ಹಸಿಯ ಕಾಳು ಕೆಲವು ವರ್ಷ ಕೂಡ ಉಳಿಯದು. ಉಳಿಯುವುದು ಬೆಂಕಿಗೆ ಸಿಕ್ಕಿ, ಆದರೆ ಪೂರ್ತಿ ಬೂದಿಯಾಗದೆ, ಇದ್ದಲಾಗಿ ಮಾರ್ಪಟ್ಟ ಕಾಳು ಮಾತ್ರ. ಹುರಿಯುವಾಗ ಒಲೆಗೆ ಸಿಡಿದದ್ದು, ಹೊಟ್ಟಿನೊಡನೆ ಉರಿಗೆ ಬಿದ್ದದ್ದು, ಮನೆಗೆ ಬೆಂಕಿ ತಗುಲಿದಾಗ ಕಣಜದಲ್ಲಿ ಕರಕಾದದ್ದು, ಹೀಗೆ ಆಕಸ್ಮಿಕಗಳಿಂದ ಈ ಸಾಕ್ಷ್ಯ ಕೂಡಿಬಂದಿದೆ. ಇದ್ದಲನ್ನು ಕೀಟವಾಗಲಿ ಶಿಲೀಂಧ್ರವಾಗಲಿ ಮುಟ್ಟುವುದಿಲ್ಲ. ಆದುದರಿಂದ ನಾಲ್ಕು ಸಾವಿರ ವರ್ಷಗಳ ಮೇಲೆಯೂ ಕಾಳಿನ ಆಕಾರ, ಸಿಪ್ಪೆಯ ಗೆರೆ, ಮೊಳಕೆಯ ಗುಳಿಗಳನ್ನು ಗುರುತಿಸಬಹುದಾಗಿದೆ.

ಸಾಮೆ, ಕೊರಲೆಗಳಂತಹ ಧಾನ್ಯದ ಕಾಳು ಒಂದೆರಡು ಮಿಲಿಮೀಟರಿಗಿಂತ ದೊಡ್ಡದಲ್ಲ. ಕರಕಾದ ಮೇಲೆ ಅದು ಮಣ್ಣಿನ ಹರಳಿನಿಂದ ಬೇರೆಯಾಗಿ ಕಾಣುವುದೇ ಇಲ್ಲ. ಗುದ್ದಲಿಯಿಂದ ಅಗೆದು ಕಣ್ಣಿಗೆ ಬಿದ್ದುದನ್ನು ಆರಿಸುವ ಪದ್ಧತಿಯಲ್ಲಿ ಅದು ಸಿಕ್ಕುವ ಸಂಭವ ಬಹು ಕಡಿಮೆ. ಇದಕ್ಕೆ ಪರಿಹಾರವಾಗಿ ಬಂದುದು ಮಣ್ಣನ್ನು ನೀರಿನಲ್ಲಿ ಕದಡಿ ತೇಲಿಸುವ ವಿಧಾನ. ಉತ್ಖನನದ ಪ್ರತಿಯೊಂದು ಸ್ತರದಿಂದ ಅಳತೆಮಾಡಿ ತೆಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ, ಮಣ್ಣು ತಳಕ್ಕಿಳಿಯುತ್ತದೆ, ಹಗುರವಾದ ಇದ್ದಲು ಮೇಲೆ ತೇಲುತ್ತದೆ. ಅದನ್ನು ನವುರಾದ ಜರಡಿಯಲ್ಲಿ ಸೋಸಿ, ನೆರಳಿನಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಾಳನ್ನು ಇಂದಿನ ಜಾತಿಗಳೊಡನೆ ಹೋಲಿಸಿ ನೋಡುತ್ತಾರೆ. ಹಳ್ಳಿಯ ಹೆಂಗಸರು ಕಾಳನ್ನು ನೀರಿಗೆ ಹಾಕಿ ಜೊಳ್ಳನ್ನು ತೇಲಿಸಿ ತೆಗೆಯುವುದರಲ್ಲಿ ಇರುವ ತತ್ತ್ವವೇ ಇಲ್ಲಿಯೂ ಇದೆ.

ಕಾಲನಿರ್ಣಯದಲ್ಲಿಯೂ ಇಂಥದೇ ಮಾರ್ಪಾಡು ಆಯಿತು. ಲಿಬ್ಬಿ ೧೯೪೯ರಲ್ಲಿ ರೂಪಿಸಿದ ವಿಕಿರಣ ಇಂಗಾಲದ ಪದ್ಧತಿಗೆ ಮೊದಮೊದಲು ಹಿಡಿಯಷ್ಟು ಇದ್ದಲು ಬೇಕಾಗಿತ್ತು. ಹೀಗಾಗಿ ಕಾಳಿನ ಕಾಲವನ್ನು ಅದೇ ಸ್ತರದ ಕಟ್ಟಿಗೆಯ ಇದ್ದಲಿನಿಂದ ಊಹಿಸಬೇಕಾಗಿತ್ತು. ಇಲಿಯ ಬಿಲದಿಂದಲೋ ಇರುವೆಯ ಗೂಡಿನಿಂದಲೋ ಮೇಲಿನ ಸ್ತರದ ಕಾಳು ಕೆಳಗಿಳಿದಿದ್ದರೆ ಆ ಊಹೆ ಸಾವಿರ ವರ್ಷಗಳಷ್ಟು ತಪ್ಪಬಹುದು. ೧೯೭೦ರ ದಶಕದ ಕೊನೆಯಿಂದ ಬಳಕೆಗೆ ಬಂದ ಹೊಸ ಉಪಕರಣಗಳಿಂದ ಒಂದೇ ಒಂದು ಕಾಳಿನ ವಯಸ್ಸನ್ನು ನೇರವಾಗಿ ಅಳೆಯುವುದು ಸಾಧ್ಯವಾಯಿತು.

೪

ಈ ಎರಡು ಸಾಧನಗಳನ್ನೂ ಕನ್ನಡ ನಾಡಿನ ನೆಲೆಗಳಿಗೆ ವ್ಯಾಪಕವಾಗಿ ಅನ್ವಯಿಸಿದುದು ೧೯೯೦ರ ದಶಕದ ಉತ್ತರಾರ್ಧದಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಸಸ್ಯಾವಶೇಷತಜ್ಞ ಡೋರಿಯನ್ ಫುಲ್ಲರ್, ಪಿ. ಸಿ. ವೆಂಕಟಸುಬ್ಬಯ್ಯ, ಮಾರ್ಟಿನ್ ಜೋನ್ಸ್ ಇವರು ಸೇರಿ ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು, ಹಳ್ಳೂರುಗಳಿಂದಲೂ ಆಂಧ್ರದ ಕಡಪ–ಕರ್ನೂಲು ಸೀಮೆಯ ನೆಲೆಗಳಿಂದಲೂ ಮಣ್ಣಿನ ಮಾದರಿಗಳನ್ನು ತೆಗೆದು ಪರೀಕ್ಷಿಸಿದರು. ಅದರ ಫಲಿತಾಂಶ ೨೦೦೪ರಲ್ಲಿ ಪ್ರಕಟವಾಯಿತು. ಮಾದರಿ ತೆಗೆದ ನೆಲೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವು ನಾಲ್ಕು ಬೆಳೆಗಳು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಕುಲಕ್ಕೆ ಸೇರಿದ, ತೆನೆಯ ಮುಳ್ಳುಗೂದಲು ಬಟ್ಟೆಗೆ ಅಂಟಿಕೊಳ್ಳುವಂಥ ಒಂದು ಹುಲ್ಲಿನ ಕಾಳು. ಕೊನೆಯದನ್ನು ಇಂದು ಯಾರೂ ಬೆಳೆಯೆಂದು ಎಣಿಸುವುದಿಲ್ಲ; ಅದು ಹೊಲದ ಕಳೆಯಾಗಿ ಉಳಿದಿದೆ.

ಈ ನಾಲ್ಕಕ್ಕೂ ಒಂದು ಸಮಾನ ಲಕ್ಷಣವಿದೆ. ಇವುಗಳ ಕಾಡುರೂಪಗಳು ದಕ್ಷಿಣ ಭಾರತದಲ್ಲಿಯೇ ದೊರೆಯುತ್ತವೆ. ಕಾಡುಹುರುಳಿ ಒಣ ಕುರುಚಲು ನೆಲದ ಬಳ್ಳಿ. ಕಾಡುಹೆಸರು ಪಶ್ಚಿಮ ಘಟ್ಟಗಳ ಮಗ್ಗುಲಿನ, ಸ್ವಲ್ಪ ಹೆಚ್ಚು ಮಳೆ ಬೀಳುವ ಕಾಡಂಚಿನ ಸಸ್ಯ. ಕೊರಲೆಯೂ ಮುಳ್ಳುಗೂದಲಿನ ಹುಲ್ಲೂ ಬಯಲಿನ ಹುಲ್ಲುಗಾವಲಿನವು. ಎಲ್ಲವೂ ಮುಂಗಾರಿನಲ್ಲಿ ಮೊಳೆತು, ಮಳೆ ನಿಲ್ಲುವ ಹೊತ್ತಿಗೆ ಮಾಗುವಂಥವು. ಆದುದರಿಂದ ದಕ್ಷಿಣದ ಬೇಸಾಯವು ಬೇರೆ ಕಡೆಯಿಂದ ಪೂರ್ಣರೂಪದಲ್ಲಿ ಬಂದುದಲ್ಲ, ಇಲ್ಲಿನ ಜನ ಇಲ್ಲಿನ ಸಸ್ಯಗಳನ್ನು ಪಳಗಿಸಿ ಕಟ್ಟಿದ ಪದ್ಧತಿ ಎಂಬ ಅಭಿಪ್ರಾಯಕ್ಕೆ ಬಲವಾದ ಆಧಾರ ದೊರೆತಂತಾಯಿತು. ಪಶ್ಚಿಮ ಏಷ್ಯದ ಗೋಧಿ, ಚೀನದ ಭತ್ತ, ಮೆಕ್ಸಿಕೋದ ಮೆಕ್ಕೆಜೋಳ ಇವುಗಳಂತೆ, ಪ್ರಪಂಚದಲ್ಲಿ ಕೃಷಿ ಸ್ವತಂತ್ರವಾಗಿ ಹುಟ್ಟಿದ ಪ್ರದೇಶಗಳ ಸಾಲಿನಲ್ಲಿ ತುಂಗಭದ್ರೆಯ ಬಯಲಿನ ಹೆಸರನ್ನು ಈಗ ವಿದ್ವಾಂಸರು ಸೇರಿಸಿ ಚರ್ಚಿಸುತ್ತಾರೆ.

ಬೆಳೆಗಳ ಈ ಆಯ್ಕೆಯಲ್ಲಿ ವಿವೇಕವೂ ಇದೆ. ಬಳ್ಳಾರಿಯ ಬಯಲಿನಲ್ಲಿ ವರ್ಷಕ್ಕೆ ಸುಮಾರು ೫೦೦ ಮಿಲಿಮೀಟರ್ ಮಳೆ, ಅದೂ ನೆಚ್ಚಿಕೆಯಿಲ್ಲದುದು. ಹೆಸರು ಎರಡು ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ಹುರುಳಿ ಬಡ ನೆಲದಲ್ಲಿಯೂ ಬೆಳೆದು, ಬೇರಿನ ಗಂಟುಗಳ ಮೂಲಕ ನೆಲಕ್ಕೆ ಸಾರಜನಕವನ್ನು ಕೂಡಿಸುತ್ತದೆ. ಅದರ ಹೊಟ್ಟು ದನಕ್ಕೆ ಮೇವು. ಧಾನ್ಯದಲ್ಲಿ ಕಡಿಮೆಯಿರುವ ಪೋಷಕಾಂಶ ಕಾಳಿನಲ್ಲಿ ಹೆಚ್ಚಿರುವುದರಿಂದ ಎರಡನ್ನೂ ಕೂಡಿಸಿ ಉಂಡವನ ಆಹಾರ ಪೂರ್ಣವಾಗುತ್ತದೆ. ಹಾಗೆಂದು ಇವನ್ನು ಇಂದಿನ ಅಕ್ಕಡಿಯಂತೆ ಒಂದೇ ಹೊಲದಲ್ಲಿ ಸಾಲುಸಾಲಾಗಿ ಬಿತ್ತುತ್ತಿದ್ದರೆಂದು ಹೇಳಲಾಗದು. ಒಂದೇ ಒಲೆಯಲ್ಲಿ ಕೂಡಿ ಸುಟ್ಟ ಕಾಳುಗಳು ಒಂದೇ ಹೊಲದವು ಎಂಬುದಕ್ಕೆ ಪ್ರಮಾಣವಿಲ್ಲ.

ಆಗಿನ ಹೆಸರುಕಾಳು ಇಂದಿನದಕ್ಕಿಂತ ಸಣ್ಣದು. ಬಿತ್ತಲು ತೊಡಗಿದ ಕೂಡಲೇ ಅದು ದಪ್ಪವಾಗಲಿಲ್ಲ. ಅನೇಕ ಶತಮಾನಗಳ ಮೇಲೆ, ನವಶಿಲಾಯುಗದ ಕೊನೆಯಲ್ಲಿ ಮತ್ತು ಅದರಾಚೆಗೆ ಕಾಳಿನ ಗಾತ್ರ ಹಿಗ್ಗಿತು. ಪಳಗಿಸುವಿಕೆಯೆಂಬುದು ಒಬ್ಬ ಮಹಾಪುರುಷನು ಒಂದು ದಿನ ಮಾಡಿದ ಸಾಹಸವಲ್ಲ, ಹತ್ತಾರು ತಲೆಮಾರುಗಳ ರೈತರು ತಿಳಿದೂ ತಿಳಿಯದೆಯೂ ಬೀಜವನ್ನು ಆರಿಸುತ್ತ ಬಂದುದರ ಫಲ ಎಂಬುದನ್ನು ಈ ಅಳತೆ ತೋರಿಸುತ್ತದೆ.

೫

ಇನ್ನು ರಾಗಿಯ ವಿಷಯ. ಹಳ್ಳೂರಿನ ಉತ್ಖನನದಲ್ಲಿ ದೊರೆತ ಕರಕಾದ ಕಾಳುಗಳನ್ನು ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಿಷ್ಣು ಮಿತ್ರೆ ಅವರು ಪರೀಕ್ಷಿಸಿ ರಾಗಿಯೆಂದು ಗುರುತಿಸಿದರು. ಆ ಸ್ತರದ ಕಾಲ ಕ್ರಿ. ಪೂ. ೧೮೦೦ರ ಸುಮಾರು ಎಂದು ಗಣಿಸಲಾಗಿತ್ತು. ರಾಗಿಯ ನಾಲ್ಕು ಸಾವಿರ ವರ್ಷಗಳ ಪ್ರಾಚೀನತೆಯೆಂಬ ಮಾತಿಗೆ ಮೂಲ ಇದು. ಭಾರತದಲ್ಲಿ ಪ್ರಾಚೀನ ಸಸ್ಯಗಳ ಅಧ್ಯಯನಕ್ಕೆ ದಾರಿ ತೋರಿದವರಲ್ಲಿ ವಿಷ್ಣು ಮಿತ್ರೆಯವರು ಪ್ರಮುಖರು. ಅವರ ಮಾತಿಗೆ ಗೌರವ ದೊರೆತುದು ಸಹಜ. ಪಠ್ಯಪುಸ್ತಕಗಳು ಅದನ್ನು ಸ್ವೀಕರಿಸಿದುವು, ಲೇಖಕರು ಒಬ್ಬರಿಂದೊಬ್ಬರು ಉದ್ಧರಿಸಿದರು.

ಆದರೆ ಕರಕಾದ ಕಿರುಧಾನ್ಯಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಬಹಳ ಕಷ್ಟದ ಕೆಲಸ. ಬೆಂಕಿಯಲ್ಲಿ ಕಾಳು ಉಬ್ಬುತ್ತದೆ, ಸಿಪ್ಪೆ ಕಳಚುತ್ತದೆ, ಚಪ್ಪಟೆಯದು ಗುಂಡಾಗುತ್ತದೆ. ರಾಗಿಯ ಕಾಳಿನಲ್ಲಿ ಮೊಳಕೆಯ ಗುಳಿ ಚಿಕ್ಕದು. ಕೊರಲೆ, ನವಣೆಗಳಲ್ಲಿ ಅದು ಕಾಳಿನ ಅರ್ಧಕ್ಕಿಂತಲೂ ಉದ್ದ. ಈ ಲಕ್ಷಣಗಳನ್ನು ಮುಂದಿಟ್ಟುಕೊಂಡು ಫುಲ್ಲರ್ ಮೊದಲಿನ ವರದಿಗಳನ್ನೆಲ್ಲ ವಿಮರ್ಶಿಸಿ, ೨೦೦೩ರಲ್ಲಿ ಆಫ್ರಿಕದ ಬೆಳೆಗಳನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದನು. ಪ್ರಾಚೀನ ರಾಗಿಯೆಂದು ಹೇಳಿದವುಗಳಲ್ಲಿ ಬಹುಪಾಲು ಬೇರೆ ಕಿರುಧಾನ್ಯಗಳೆಂಬುದು ಅದರ ನಿರ್ಣಯ. ಹಳ್ಳೂರಿನ ಹೊಸ ಮಾದರಿಗಳಲ್ಲಿ ಕೊರಲೆ ಮೊದಲಾದುವು ಧಾರಾಳವಾಗಿ ದೊರೆತರೂ, ರಾಗಿಯೆಂದು ನಿಸ್ಸಂದೇಹವಾಗಿ ಹೇಳಬಹುದಾದ ಕಾಳು ಸಿಕ್ಕಿದುದು ಒಂದೇ ಒಂದು. ಅದೂ ಕಬ್ಬಿಣದ ಯುಗಕ್ಕೆ ಹತ್ತಿರವಾದ, ಕ್ರಿ. ಪೂ. ೧೦೦೦ದ ಸುಮಾರಿನ ಸ್ತರದಲ್ಲಿ.

ಸಸ್ಯಶಾಸ್ತ್ರವೂ ಇದಕ್ಕೆ ಅನುಕೂಲವಾಗಿ ನಿಲ್ಲುತ್ತದೆ. ರಾಗಿಯ ಕಾಡುಮೂಲ ಇರುವುದು ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ. ಜೋಳ ಪೂರ್ವ ಸುಡಾನಿನ ಕಡೆಯದು. ಸಜ್ಜೆ ಪಶ್ಚಿಮ ಆಫ್ರಿಕದ್ದು. ಈ ಮೂರರಲ್ಲಿ ಕನ್ನಡ ನಾಡಿಗೆ ಮೊದಲು ಬಂದುದು ಸಜ್ಜೆ ಎಂದು ತೋರುತ್ತದೆ. ಕ್ರಿ. ಪೂ. ಎರಡನೆಯ ಸಹಸ್ರಮಾನದ ನಡುಭಾಗದ ಹೊತ್ತಿಗೆ ಅದು ಹಳ್ಳೂರಿನಲ್ಲಿ ಕಾಣಿಸಿಕೊಳ್ಳುತ್ತದೆ. ನವಶಿಲಾಯುಗದ ಮುಖ್ಯ ಬೆಳೆಗಳಲ್ಲಿ ಜೋಳವಿಲ್ಲ, ಅಕ್ಕಿಯೂ ಇಲ್ಲ. ಮುದ್ದೆಯನ್ನೂ ರೊಟ್ಟಿಯನ್ನೂ ಕನ್ನಡಿಗನ ಆದಿಮ ಆಹಾರವೆಂದು ಸಾರುವವರು ಈ ಸಂಗತಿಯನ್ನು ಎದುರಿಸಲೇಬೇಕಾಗುತ್ತದೆ.

೬

ಹೊರಗಿನಿಂದ ಬಂದವು ಆಫ್ರಿಕದ ಧಾನ್ಯಗಳು ಮಾತ್ರವಲ್ಲ. ಕ್ರಿ. ಪೂ. ೧೯೦೦ರ ಸುಮಾರಿಗೆ ಗೋಧಿ ಮತ್ತು ಜವೆಗೋಧಿ ಬಳ್ಳಾರಿ ಸೀಮೆಯಲ್ಲಿ ತಲೆದೋರುತ್ತವೆ. ಇವು ಚಳಿಗಾಲದ ಬೆಳೆಗಳು. ಮುಂಗಾರು ಮುಗಿದ ಮೇಲೆ ನೆಲದ ತೇವವನ್ನೋ ಕೈಯಿಂದ ಹೊಯ್ದ ನೀರನ್ನೋ ಬಯಸುವಂಥವು. ಉತ್ತರದಲ್ಲಿ, ಪುಣೆ ಜಿಲ್ಲೆಯ ಘೋಡ ನದಿಯ ದಂಡೆಯಲ್ಲಿರುವ ಇನಾಮಗಾಂವಿನಲ್ಲಿ ಡೆಕ್ಕನ್ ಕಾಲೇಜಿನವರು ೧೯೬೮ರಿಂದ ೧೯೮೩ರವರೆಗೆ ನಡೆಸಿದ ಉತ್ಖನನದಿಂದ, ಅಲ್ಲಿನ ತಾಮ್ರಶಿಲಾಯುಗದ ಜನರ ಮುಖ್ಯ ಬೆಳೆ ಜವೆಗೋಧಿಯೆಂದು ತಿಳಿದುಬಂದಿತು. ನೀರು ಹಾಯಿಸುವ ಕಾಲುವೆಯ ಗುರುತೂ ಅಲ್ಲಿ ದೊರೆಯಿತು. ಭೀಮೆಯ ಆಚೆಯ ಈ ಜನರೊಡನೆ ತುಂಗಭದ್ರೆಯ ಜನರಿಗೆ ಸಂಪರ್ಕವಿತ್ತೆಂಬುದಕ್ಕೆ ಮಡಕೆಗಳ ಸಾಕ್ಷ್ಯವೂ ಇದೆ. ಆದರೂ ದಕ್ಷಿಣದಲ್ಲಿ ಗೋಧಿ ಅಲ್ಪಪ್ರಮಾಣದಲ್ಲಿಯೇ ಉಳಿಯಿತು. ಹುರುಳಿ ಕೊರಲೆಗಳನ್ನು ಅದು ಸ್ಥಾನಪಲ್ಲಟಗೊಳಿಸಲಿಲ್ಲ. ನಿತ್ಯದ ಊಟಕ್ಕಿಂತ ವಿಶೇಷ ಸಂದರ್ಭಗಳಿಗೆ ಮೀಸಲಾದ ಧಾನ್ಯವಾಗಿದ್ದಿರಬಹುದೆಂದು ಕೆಲವರು ತರ್ಕಿಸುತ್ತಾರೆ.

ಕನ್ನಡಿಗರಿಗೆ ಬಲು ಪ್ರಿಯವಾದ ಅವರೆಯ ಕಾಡುಮೂಲವೂ ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಕಲಬುರಗಿಗೆ ಹೆಸರು ತಂದ ತೊಗರಿಯ ಮೂಲ ಒಡಿಶಾ–ಬಸ್ತರ ಪ್ರದೇಶ. ಕ್ರಿ. ಪೂ. ಎರಡನೆಯ ಸಹಸ್ರಮಾನದ ನಡುಭಾಗದಲ್ಲಿ ಈ ಎರಡೂ ತುಂಗಭದ್ರೆಯ ಸೀಮೆಗೆ ಬಂದಿದ್ದುವು. ಕ್ರಿ. ಪೂ. ಒಂದನೆಯ ಸಹಸ್ರಮಾನದ ಆರಂಭದಲ್ಲಿ ಹಳ್ಳೂರಿನಲ್ಲಿ ಹತ್ತಿ ಮತ್ತು ಅಗಸೆಗಳ ಬೀಜಗಳೂ ದೊರೆಯುತ್ತವೆ.

ಮಾತು ಕೂಡ ಈ ಭೇದವನ್ನು ಸ್ವಲ್ಪಮಟ್ಟಿಗೆ ಉಳಿಸಿಕೊಂಡಿದೆ. ಹೆಸರುಕಾಳಿನ ಹೆಸರು ಹಳಗನ್ನಡದಲ್ಲಿ ಪೆಸರು, ತೆಲುಗಿನಲ್ಲಿ ಪೆಸಲು. ಇದು ದ್ರಾವಿಡ ಮೂಲದ ಮಾತು. ಗೋಧಿಯಾದರೋ ಸಂಸ್ಕೃತದ ಗೋಧೂಮದಿಂದಲೂ, ಜವೆ ಎಂಬುದು ಯವದಿಂದಲೂ ಬಂದವು. ಹಾಗೆಂದು ಸಂಗನಕಲ್ಲಿನ ಜನ ಆಡುತ್ತಿದ್ದ ಭಾಷೆ ಇದೇ ಎಂದು ಹೇಳುವುದು ಸಾಹಸದ ಮಾತಾದೀತು. ಮಡಕೆಗೂ ಕಾಳಿಗೂ ಭಾಷೆಯಿಲ್ಲ. ನೆಲದಲ್ಲಿ ಮೊದಲು ಬೆಳೆದುದಕ್ಕೆ ದೇಸಿಯ ಹೆಸರೂ, ಆಮೇಲೆ ಬಂದುದಕ್ಕೆ ಎರವಲಿನ ಹೆಸರೂ ಇರುವುದು ಸಸ್ಯಾವಶೇಷಗಳ ಸಾಕ್ಷ್ಯಕ್ಕೆ ವಿರುದ್ಧವಾಗಿಲ್ಲ ಎಂದಷ್ಟೇ ಹೇಳಬಹುದು.

೭

ಈ ಸಾಕ್ಷ್ಯಕ್ಕೆ ತನ್ನದೇ ಆದ ಮಿತಿಗಳಿವೆ. ಬೆಂಕಿಗೆ ಬೀಳದ ಗೆಡ್ಡೆ, ಸೊಪ್ಪು, ಹಣ್ಣುಗಳು ಬಹುಮಟ್ಟಿಗೆ ಅಳಿದುಹೋಗಿವೆ. ಅಲ್ಲದೆ ಸಗಣಿಯನ್ನು ಉರುವಲಾಗಿ ಬಳಸುವ ಕಡೆ ದನ ಮೇದ ಹುಲ್ಲಿನ ಬೀಜವೂ ಕರಕಾಗಿ ಉಳಿಯುತ್ತದೆ. ಅದನ್ನು ಮನುಷ್ಯನ ಆಹಾರವೆಂದು ಎಣಿಸಿದರೆ ತಪ್ಪಾಗುತ್ತದೆ. ಬೂದಿದಿಬ್ಬಗಳ ಆರಂಭಕಾಲದ, ಎಂದರೆ ಕ್ರಿ. ಪೂ. ೩೦೦೦ದಿಂದ ೨೨೦೦ರವರೆಗಿನ, ಸಸ್ಯಸಾಕ್ಷ್ಯ ಇನ್ನೂ ಬಹಳ ವಿರಳವಾಗಿದೆ. ದನಗಾಹಿಗಳು ಮೊದಲು ಬಂದು ಆಮೇಲೆ ಬೇಸಾಯಗಾರರಾದರೇ, ಅಥವಾ ಎರಡೂ ವೃತ್ತಿಗಳು ಕೂಡಿಯೇ ಬೆಳೆದುವೇ ಎಂಬುದು ಈ ಕಾರಣದಿಂದ ತೀರ್ಮಾನವಾಗಿಲ್ಲ.

ಇಂದಿನ ಬಳಕೆಗಳನ್ನು ಹಿಂದಿನ ಕಾಲಕ್ಕೆ ಹೊರಿಸುವುದರಲ್ಲಿಯೂ ಎಚ್ಚರ ಅವಶ್ಯಕ. ಇದಕ್ಕೆ ಠಾಣೆ ಜಿಲ್ಲೆಯೇ ಒಂದು ಉತ್ತಮ ನಿದರ್ಶನವನ್ನು ಒದಗಿಸುತ್ತದೆ. ಕಲ್ಯಾಣದಿಂದ ಪೂರ್ವಕ್ಕೆ ಮುರಬಾಡ, ಶಹಾಪುರಗಳ ಕಡೆಗೆ ಹೋದರೆ, ಸಹ್ಯಾದ್ರಿಯ ಇಳುಕಲಿನಲ್ಲಿ ವರಕಸ ಎಂದು ಕರೆಯುವ ಮೇಲುನೆಲಗಳಿವೆ. ಅಲ್ಲಿ ನಾಚಣಿ ಎಂಬ ಹೆಸರಿನ ರಾಗಿಯನ್ನೂ ವರಯಿ ಎಂಬ ಸಾಮೆಯನ್ನೂ ಬೆಳೆಯುತ್ತಾರೆ. ಮಳೆಗಾಲಕ್ಕೆ ಮುನ್ನ ಸಸಿಮಡಿಯ ಮೇಲೆ ಸಗಣಿ, ರೆಂಬೆ, ಎಲೆ, ಹುಲ್ಲುಗಳನ್ನು ಹರಡಿ ಸುಟ್ಟು, ಆ ಬೂದಿಯಲ್ಲಿ ಬೀಜ ಬಿತ್ತುವ ಪದ್ಧತಿಗೆ ರಾಬ ಎಂದು ಹೆಸರು. ೧೮೮೨ರ ಠಾಣೆ ಗ್ಯಾಜೆಟಿಯರಿನಲ್ಲಿಯೇ ಇದರ ವರ್ಣನೆ ಇದೆ. ಸುಟ್ಟ ಸಗಣಿಯ ಬೂದಿಯೂ ಕಿರುಧಾನ್ಯವೂ ಇಲ್ಲಿ ಒಟ್ಟಿಗಿರುವುದನ್ನು ಕಂಡವರಿಗೆ, ಬಳ್ಳಾರಿಯ ಬೂದಿದಿಬ್ಬಗಳಿಗೂ ಇದೇ ಅರ್ಥವನ್ನು ಹಚ್ಚಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ದಿಬ್ಬಗಳ ಬೂದಿಯನ್ನು ಹೊಲಕ್ಕೆ ಹರಡಲಿಲ್ಲ. ಒಂದೇ ಜಾಗದಲ್ಲಿ ಒಟ್ಟುತ್ತ ಹೋದರು. ಕೆಲವೆಡೆ ಅದು ಉರಿಯ ಕಾವಿಗೆ ಕರಗಿ ಗಾಜಿನ ಕಿಟ್ಟದಂತೆ ಗಟ್ಟಿಯಾಗಿದೆ. ಗೊಬ್ಬರವಾಗಬಹುದಾಗಿದ್ದ ಸಂಪತ್ತನ್ನು ಸುಟ್ಟು ಗುಡ್ಡೆ ಹಾಕಿದ ಜನರ ಉದ್ದೇಶ ಬೇಸಾಯದ್ದಾಗಿರಲಾರದು. ದನಗಳ ರೋಗನಿವಾರಣೆಗಾಗಿಯೋ, ಋತುಮಾನದ ಹಬ್ಬಗಳಿಗಾಗಿಯೋ ಬೆಂಕಿಯಿಟ್ಟಿರಬಹುದು. ಹೋಲಿಕೆಯು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಉತ್ತರವನ್ನು ಉತ್ಖನನವೇ ಕೊಡಬೇಕು.

೮

ರಾಗಿಯ ಪ್ರಾಚೀನತೆ ಕಡಿಮೆಯಾಯಿತೆಂದು ಕನ್ನಡಿಗರು ಖಿನ್ನರಾಗಬೇಕಾದುದಿಲ್ಲ. ಹದಿನಾರನೆಯ ಶತಮಾನದ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಭತ್ತದೊಡನೆ ವಾದಕ್ಕೆ ನಿಲ್ಲಿಸಿ ಗೆಲ್ಲಿಸಿದುದು ಈ ಧಾನ್ಯವನ್ನೇ. ಆ ಹೊತ್ತಿಗೆ ಅದು ಪರದೇಶದ್ದೆಂಬ ನೆನಪು ಕೂಡ ಯಾರಿಗೂ ಉಳಿದಿರಲಿಲ್ಲ. ಹೊರಗಿನಿಂದ ಬಂದು, ಬಡವನ ಹೊಲದಲ್ಲಿ ಬೇರೂರಿ, ನಾಡಿನ ಕವಿಯಿಂದ ಮನ್ನಣೆ ಪಡೆದ ಧಾನ್ಯದ ಹಿರಿಮೆಗೆ ಪ್ರಾಚೀನತೆಯ ಸುಳ್ಳು ಸೇರಿಸಬೇಕಾದ ಅಗತ್ಯವಿಲ್ಲ. ಹುಟ್ಟಿದ ನೆಲ ಬೇರೆ, ಬಾಳಿದ ನೆಲ ಬೇರೆಯಾದ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖೇದಪಡಬೇಕಾದುದು ಬೇರೆ ಸಂಗತಿಗೆ. ಈ ನೆಲದಲ್ಲಿಯೇ ಹುಟ್ಟಿ, ಇಲ್ಲಿನ ಮೊದಲ ಊರುಗಳನ್ನು ಸಾಕಿದ ಕೊರಲೆ ಇಂದು ತುಮಕೂರು, ಚಿತ್ರದುರ್ಗಗಳ ಕೆಲವು ಹೋಬಳಿಗಳಲ್ಲಿಯೂ ಆಂಧ್ರದ ರಾಯಲಸೀಮೆಯಲ್ಲಿಯೂ ಮಾತ್ರ ಉಳಿದಿದೆ. ಹುರುಳಿಯನ್ನು ಬಹುಕಾಲ ಕುದುರೆ ದನಗಳ ಮೇವೆಂದು ಕೀಳಾಗಿ ಕಂಡರು. ಅದರ ಸಾರನ್ನು ಮರೆಯದ ಕನ್ನಡದ ಮನೆಗಳೂ, ಅದನ್ನೇ ಕುಳೀಥವೆಂದು ಉಣ್ಣುವ ಕೊಂಕಣದ ಮನೆಗಳೂ ಆ ಹಳೆಯ ಬೇಸಾಯದ ನಿಜವಾದ ವಾರಸುದಾರರು. ೧೯೫೩ರಲ್ಲಿ ತುಂಗಭದ್ರಾ ಜಲಾಶಯ ಪೂರ್ಣಗೊಂಡ ಮೇಲೆ ತೆಕ್ಕಲಕೋಟೆಯ ಗುಡ್ಡಗಳ ಬುಡದವರೆಗೂ ಕಾಲುವೆ ಹರಿದು, ಸಿರುಗುಪ್ಪದ ಬಯಲು ಭತ್ತದ ಕಣಜವಾಯಿತು. ಮಳೆಯನ್ನೇ ನಂಬಿದ ನಾಲ್ಕು ಸಾವಿರ ವರ್ಷಗಳ ಬೇಸಾಯ ಎರಡು ತಲೆಮಾರುಗಳಲ್ಲಿ ಅಲ್ಲಿಂದ ಮರೆಯಾಗುತ್ತ ಬಂದಿದೆ.

ದಾಖಲೆಗಳೂ ಮರೆಯಾಗುತ್ತಿವೆ. ಬೂದಿದಿಬ್ಬಗಳ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಗಾಡಿಗಾಡಿಯಾಗಿ ಹೋಗಿದೆ. ರಸ್ತೆಗಳು ಕೆಲವನ್ನು ಸೀಳಿವೆ. ಸಂಗನಕಲ್ಲು–ಕಪ್ಪಗಲ್ಲುಗಳ ಗುಡ್ಡಗಳನ್ನು ಕಲ್ಲುಗಣಿಗಾರಿಕೆ ಕಾಡಿದೆ. ಬಳ್ಳಾರಿಯಲ್ಲಿ ಬ್ರೂಸ್ ಫೂಟನ ಹೆಸರಿನ ಪುರಾತತ್ತ್ವ ಸಂಗ್ರಹಾಲಯ ಸ್ಥಾಪಿತವಾಗಿರುವುದು ಸಮಾಧಾನದ ವಿಷಯ. ಆದರೆ ಸಂಗ್ರಹಾಲಯದಲ್ಲಿ ಕೊಡಲಿಯನ್ನೂ ಮಡಕೆಯನ್ನೂ ಇಡಬಹುದು, ಅಗೆಯದೆ ಉಳಿದ ಮಣ್ಣಿನ ಸ್ತರವನ್ನು ಇಡಲಾಗದು. ಹಳ್ಳೂರಿನ ರಾಗಿಯ ಪ್ರಶ್ನೆ ಮತ್ತೆ ವಿಚಾರಣೆಗೆ ಬರಲು ಸಾಧ್ಯವಾದುದು, ೧೯೬೫ರ ಉತ್ಖನನದ ಮೇಲೆಯೂ ಅಲ್ಲಿ ತೆಗೆಯಲು ಮಣ್ಣು ಉಳಿದಿದ್ದುದರಿಂದ. ಬೂದಿದಿಬ್ಬಗಳ ಮೊದಲ ಎಂಟು ಶತಮಾನಗಳ ಬೇಸಾಯವನ್ನು ಕುರಿತ ಪ್ರಶ್ನೆಗೂ ಉತ್ತರ ಇಂಥ ಮಣ್ಣಿನಲ್ಲಿಯೇ ಇದೆ. ಅದು ಇಂದು ಹೊಲಕ್ಕೂ ರಸ್ತೆಗೂ ಹೋದರೆ ನಾಳೆಯ ವಿದ್ವಾಂಸರಿಗೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.